ಹಸಿ ಬಣ್ಣ, ಕರಿ ಕಂಬಳಿ

ಸಂಕ್ರಾಂತಿ ಮುಗಿದು ಬಿಳಿಜೋಳ ತೆನೆ ಕಟ್ಟಿದ್ದ ಕಾಲ, ಎಳೆಬಿಸಿಲಿನ ಹೊತ್ತು. ನನ್ನ ಹೆಂಡತಿ ಕರೆವ್ವ ಬಚ್ಚಲಲ್ಲಿ ಮಣೆಯ ಮೇಲೆ ಕೂತಿದ್ದಳು. ಮೊಮ್ಮಗಳು ಅಕ್ಷತಾ ಬೆನ್ನಿಗೆ ನೀರು ಹಾಕುತ್ತಿದ್ದಳು. ಹೊಟ್ಟೆಯಲ್ಲಿ ಗಂಟು ಬೆಳೆದು ಕರೆವ್ವ ಬರೀ ಎಲುಬಾಗಿದ್ದಳು. ನಾನು ಈಚೆ ಬದಿಗೆ ಕಂಬಳಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡಿದ್ದೆ. ನಡುವೆ ಒಂದು ತಟ್ಟಿ ಅಷ್ಟೇ. ಮಾತೆಲ್ಲ ಕೇಳುತ್ತಿತ್ತು.

“ಧಾರವಾಡದಾಗ ಏನ ಬರೀತಿ ನೀ? ಗಿಡಾ, ಗುಡ್ಡಾ?”

“ಮನಶ್ಯಾರನ್ನೂ ಬರೀತೇವಿ ಆಯಿ.”

“ಸೀರಿ ಉಟ್ಟವರನ್ನ?”

“ಉಡದವರನ್ನೂ.”

ಕರೆವ್ವ ನಕ್ಕಳು. ನಗು ಕೆಮ್ಮಾಯಿತು. “ಹಂಗಾರ ನನ್ನ ಬರಿ. ಉಣ್ಣಿ ಕತ್ತರಿಸಿದ ಕುರಿ ಆಗೇನಿ. ಇಂಥಾ ಮೈ ನಿಮ್ಮ ಮಾಸ್ತರಗೋಳಿಗೆ ಎಲ್ಲಿ ಸಿಗಬೇಕು?”

“ಖರೇನ ಬರೀಲಿ?”

“ಬರಿ. ಆದ್ರ ಚಂದ ಮಾಡಿ ಬರದೀಯಂದ್ರ ನೋಡು ಮತ್ತ!”

ಅಕ್ಷತಾ ಧಾರವಾಡದಲ್ಲಿ ಚಿತ್ರದ ಸಾಲಿಯ ಕಡೇ ವರ್ಷದಲ್ಲಿದ್ದಳು. ಅವಳ ಅಪ್ಪ, ಅಂದರೆ ನನ್ನ ಮಗ ಮಹಾಲಿಂಗ, ಜಮಖಂಡಿ ಕೋರ್ಟಿನಲ್ಲಿ ಗುಮಾಸ್ತ. ಸೊಸೆಗೆ ಅಂಗನವಾಡಿ ಕೆಲಸ. ಮುಂಜಾನೆ ಇಬ್ಬರೂ ನಮ್ಮೂರು ಚಿಮ್ಮಡ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಹಾಗಾಗಿ ಆಯಿಯ ಸೇವೆಗೆ ಹುಡುಗಿಯೇ ಬಂದು ನಿಂತಳು. ದಿನಾ ಮೈ ತೊಳೆಯುವಳು, ಒರೆಸುವಳು, ಆಮೇಲೆ ಇದ್ದಿಲ ಕಡ್ಡಿಯಿಂದ ಹಾಳೆಯ ಮೇಲೆ ಗೀಚುವಳು. ಕರೆವ್ವ ಬಿಸಿಲಿಗೆ ಬೆನ್ನು ಕೊಟ್ಟು ಕೂಡುವಳು.

ಶಿವರಾತ್ರಿಯಾದ ವಾರದಲ್ಲಿ ಕರೆವ್ವ ತೀರಿಕೊಂಡಳು. ನಮ್ಮ ಹೊಲದ ಬದುವಿನಲ್ಲೇ ಮಣ್ಣು ಮಾಡಿದೆವು.

ನಮ್ಮ ಮನೆತನಗಳಲ್ಲಿ ಹೆಣ್ಣು ಸತ್ತರೆ ತವರಿನವರು ಕರಿ ಕಂಬಳಿ ತಂದು ಹೊದಿಸಬೇಕು. ಹೊದಿಸಿದ್ದನ್ನು ತವರಿನವರ ಹೊರತು ಮತ್ತಾರೂ ಮುಟ್ಟಿ ತೆಗೆಯುವಂತಿಲ್ಲ. ಕರೆವ್ವನ ತವರಿನಲ್ಲಿ ಉಳಿದವಳು ತಂಗಿ ಲಗಮವ್ವ ಒಬ್ಬಳೇ. ಆಕೆ ಲೋಕಾಪುರದಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡು ದವಾಖಾನೆಯಲ್ಲಿದ್ದಳು. ಕಾಯುವ ಹಾಗಿರಲಿಲ್ಲ. ನಾನು ನೇಯ್ದ ಕಂಬಳಿಯನ್ನೇ ಹೊದಿಸಿ ಕಳಿಸಿದೆವು. ನನಗೆ ಅಳು ಬರಲಿಲ್ಲ. ಬಂದವರು, ಒಳಗೇ ನುಂಗಿಕೊಂಡಾನ ಅಂದರು. ನುಂಗಿಕೊಳ್ಳಲು ಏನೂ ಇರಲಿಲ್ಲ.

ಆಮೇಲೆ ಅಕ್ಷತಾ ಮಗ್ಗದ ಖೋಲಿಯಲ್ಲಿ ಬಟ್ಟೆ ಬಿಗಿದ ಚೌಕಟ್ಟು ನಿಲ್ಲಿಸಿ ಎಣ್ಣೆಬಣ್ಣ ಹಚ್ಚತೊಡಗಿದಳು. ಕುಂಚ ಕಡಿಮೆ, ಚೂರಿ ಹೆಚ್ಚು. ರೊಟ್ಟಿಗೆ ಬೆಣ್ಣೆ ಬಳಿದ ಹಾಗೆ ಬಣ್ಣ ದಪ್ಪಗೆ ಕೂಡುತ್ತಿತ್ತು. ಮುಗಿದ ದಿನ ನನ್ನನ್ನು ಕರೆದಳು.

ಹಸಿರು ಮೈ. ಹೊಟ್ಟೆ ನೀಲಿ. ಕೈಗಳು ಮೊಣಕಾಲು ದಾಟಿ ಇಳಿದಿದ್ದವು. ಕುತ್ತಿಗೆ ಹಿಂಡಿದ ಅರಿವೆಯಂತೆ ತಿರುಚಿತ್ತು. ಕಣ್ಣಿನ ಜಾಗದಲ್ಲಿ ಎರಡು ಕೆಂಪು ಗೀಟು. ಮೈಮೇಲೆ ನೂಲಿನೆಳೆಯೂ ಇಲ್ಲ. ಉಣ್ಣೆ ಕತ್ತರಿಸಿದ ದಿನ ಮರಿಗಳು ತಾಯಿಯ ಗುರುತು ಸಿಗದೆ ಹಿಂಡಿನ ತುಂಬ ಒದರುತ್ತ ತಿರುಗುತ್ತವೆ. ನನಗೆ ಒದರಬೇಕು ಅನಿಸಲಿಲ್ಲ. ಎಡ ತೊಡೆಯ ಮೇಲೆ ಹಿಂದೊಮ್ಮೆ ಟಗರು ಹಾಯ್ದ ಗಾಯದ ಕಲೆ ಕಂಡಿತು. ಹೌದು, ಆಕೆಯೇ ಅಂದುಕೊಂಡೆ. ಹೋಗಿ ನೀರು ಕುಡಿದೆ.

ಸಂಜೆ ಮಹಾಲಿಂಗ ನೋಡಿದ. ಬಾಗಿಲು ಹಾಕಿಕೊಂಡು ಕೇಳಿದ, “ನಮ್ಮವ್ವ ಹಸರ ಇದ್ದಳೇನಲೇ?”

“ಮೈ ಹೆಂಗ ಕಾಣತಿತ್ತಂತ ಬರದಿಲ್ಲಪ್ಪಾ. ದಿನಾ ಮುಟ್ಟತಿದ್ನಲ್ಲಾ, ಕೈಗೆ ಹೆಂಗ ಹತ್ತತಿತ್ತು, ಹಂಗ ಬರದೇನಿ.”

“ಹತ್ತ ಮಂದಿ ಮುಂದ ಇಡತಿ ಇದನ್ನ?”

“ಪರೀಕ್ಷಾ ಐತಿ. ಇದನ್ನ ಇಡಲಿಲ್ಲಂದ್ರ ವರ್ಷ ಹೋತು.”

“ಗುಡ್ಡದ್ದೊಂದು ಬರದ ಒಯ್ಯಿ.”

“ಆಯಿ ತನ್ನ ಬರಿ ಅಂದಾಳ, ಗುಡ್ಡ ಬರಿ ಅಂದಿಲ್ಲ.”

ಮಹಾಲಿಂಗ ನನ್ನ ಕಡೆ ನೋಡಿದ. ನಾನು ಮಗ್ಗದ ಎಳೆ ಸರಿಪಡಿಸತೊಡಗಿದೆ. ಬಣ್ಣ ಇನ್ನೂ ಹಸಿ ಐತಿ, ಯಾರೂ ಮುಟ್ಟಬ್ಯಾಡ್ರಿ ಅಂತ ಅಕ್ಷತಾ ಹೇಳಿದ್ದಳು. ಆದರೆ ಕರೆವ್ವನ ತಿಂಗಳ ದಿನ ಬರುವ ಹೊತ್ತಿಗೆ ಅದಾಗಿ ವಾರಗಳೇ ಕಳೆದಿದ್ದವು. ನಾವು ಕಂಬಳಿಗೆ ಹುಣಸೆಬೀಜದ ಗಂಜಿ ಬಳಿದರೆ ಸಂಜೆಯೊಳಗೆ ಗರಿಗರಿ ಆಗುತ್ತದೆ. ಬಳಿದದ್ದು ತಿಂಗಳಾದರೂ ಹಸಿ ಉಳಿಯುತ್ತದೆಂದು ನಮ್ಮಲ್ಲಿ ಯಾರಿಗೆ ತಲೆಗೆ ಬಂದೀತು?

ತಿಂಗಳ ದಿನದ ಊಟಕ್ಕೆ ಲಗಮವ್ವ ಬಂದಳು. ಒಂದು ಕೈಯಲ್ಲಿ ಬಡಿಗೆ, ಕಂಕುಳಲ್ಲಿ ಹೊಸ ಕರಿ ಕಂಬಳಿ. ಊಟ ಮಾಡಿದವರೆಲ್ಲ ಹೋದ ಮೇಲೆ ಮಗ್ಗದ ಖೋಲಿಯ ತಂಪಿಗೆ ಅಡ್ಡಾಗಲು ಹೊರಟಳು. ನೀರಿನ ತಂಬಿಗೆ ಹಿಡಿದು ನಾನೂ ಹಿಂದೆ ಹೋದೆ.

ಚಿತ್ರದ ಮುಂದೆ ಆಕೆ ಬಹಳ ಹೊತ್ತು ನಿಂತಳು. ಗಾಯದ ಹತ್ತಿರ ಬಗ್ಗಿ ನೋಡಿದಳು.

“ಮಾವಾ, ಇಕಿ ನಮ್ಮಕ್ಕ.”

“ಹೂಂ.”

“ಹಿಂಗ ನಿಲ್ಲಿಸೀರಿ?”

ಕಂಕುಳಿನ ಕಂಬಳಿ ಬಿಚ್ಚಿ ತಲೆಯಿಂದ ಕಾಲಿನವರೆಗೆ ಹೊದಿಸಿದಳು. ಹೆಣಕ್ಕೆ ಮಾಡುವ ಹಾಗೆ ಎರಡೂ ಅಂಗೈಯಿಂದ ಒತ್ತಿ ಒತ್ತಿ ಸವರಿದಳು. ಆಗ ಹೋಯೆಂದು ಅತ್ತಳು. ನಾನು ತಂಬಿಗೆ ಹಿಡಿದು ನಿಂತೇ ಇದ್ದೆ.

ಅಕ್ಷತಾ ಓಡಿ ಬಂದಳು. “ಸಣ್ಣಾಯಿ! ಹಸಿ ಐತದು!” ಅಂಚು ಹಿಡಿದು ಎತ್ತಿದಳು. ಪಾದದ ಬಣ್ಣ ಕಂಬಳಿಯೊಂದಿಗೆ ಎದ್ದು ಬಂತು.

“ಬಿಡು! ತವರಿನವರು ಹೊಚ್ಚಿದ್ದು ಅದು. ನೀ ಮುಟ್ಟುವಂಗಿಲ್ಲ.”

“ಮಂಗಳವಾರ ಪರೀಕ್ಷಾ ಐತಿ ಬೇ!”

“ನನ್ನ ಅಕ್ಕನ್ನ ಬತ್ತಲೆ ಒಯ್ದು ಪರೀಕ್ಷಾ ಕೊಡ್ತಿ?”

ಮಹಾಲಿಂಗ ಬಾಗಿಲಲ್ಲಿ ನಿಂತು, “ಚಿಗವ್ವ ಹೇಳೂದು ಬರೋಬರಿ ಐತಿ, ಇರಲಿ ಬಿಡು ಹಂಗ” ಅಂದ. ಅವನ ಮುಖದಲ್ಲಿ ನಿಶ್ಚಿಂತೆ ಕಂಡಿತು.

ಅಕ್ಷತಾ ಕೂಗಾಡಲಿಲ್ಲ. ಅಲ್ಲೇ ನೆಲದ ಮೇಲೆ ಕೂತಳು. “ಮುತ್ಯಾ, ಆಯಿ ಬಚ್ಚಲದಾಗ ಏನಂದಿದ್ಲು, ನೀ ಕೇಳೀಯಲ್ಲ. ಹೇಳು.”

ಹೇಳಿದೆ. ಕುರಿಯ ಮಾತು, ಮಾಸ್ತರರ ಮಾತು, ಚಂದ ಮಾಡಬೇಡ ಅಂದದ್ದು. ಸೇರಿಸಲಿಲ್ಲ, ಬಿಡಲಿಲ್ಲ. ಹೇಳುತ್ತಿರುವ ದನಿ ಬೇರೆ ಯಾರದೋ ಎನಿಸಿತು.

ಲಗಮವ್ವ ಮೂಗು ಒರೆಸಿಕೊಂಡಳು. “ಕುರಿ ಅಂದ್ಲಾ?”

“ಹೂಂ.”

“ಅಕೀ ಮಾತ ಅದು. ಸಣ್ಣಾಕಿದ್ದಾಗನೂ ಕೆರಿಯಾಗ ಸೀರಿ ಬಿಚ್ಚಿ ಒಗದು ಈಜಾಕಿ. ಅರಿವಿ ಕಾಯಾಕ ನಾ.” ಅಕ್ಷತಾಳ ಕಡೆ ತಿರುಗಿ ಕೇಳಿದಳು, “ಮೈ ತೊಳಿಯುವಾಗ ನಾಚಿಕೊಂತಿದ್ಲೇನ?”

“ಇಲ್ಲ. ತಿಕ್ಕಲೇ ಜೋರ, ಎಮ್ಮಿ ತೊಳದಂಗ ತೊಳಿ ಅಂತಿದ್ಲು.”

ಲಗಮವ್ವ ಬಡಿಗೆ ನನ್ನ ಕೈಗೆ ಕೊಟ್ಟಳು. ಮೊದಲು ಎರಡು ಮೂಲೆ ಬಿಡಿಸಿದಳು, ಆಮೇಲೆ ಬೆರಳುಗಳಿಂದ ಇಷ್ಟಿಷ್ಟೇ ಕಂಬಳಿ ಸುಲಿಯತೊಡಗಿದಳು. ಕೆಸರಿನಿಂದ ಕಾಲು ಕೀಳುವಂಥ ಸಪ್ಪಳ. ಕಂಬಳಿ ಬಂತು. ಬಣ್ಣ ಅಲ್ಲಲ್ಲಿ ಕದಡಿತ್ತು, ಒಂದು ಕಣ್ಣಿನ ಗೀಟು ಅಳಿಸಿತ್ತು. ಹಸಿರು ಮೈಯ ತುಂಬ ಕರಿ ಉಣ್ಣೆ ಅಂಟಿ ನಿಂತಿತ್ತು, ಕತ್ತರಿಸಿ ತಿಂಗಳಾದ ಕುರಿಗೆ ಮೂಡುವಷ್ಟು.

“ಕೆಟ್ಟತೇನ?” ಲಗಮವ್ವ ಕೇಳಿದಳು.

ಅಕ್ಷತಾ ಹತ್ತಿರ ಹೋಗಿ, ಹಿಂದೆ ಸರಿದು ನೋಡಿದಳು. ಒಂದು ಎಳೆ ಕೀಳಲು ಬೆರಳು ಚಾಚಿದವಳು ಕೀಳಲಿಲ್ಲ. “ಗೊತ್ತಿಲ್ಲ ಸಣ್ಣಾಯಿ. ಹಿಂಗ ಒಯ್ತೇನಿ.”

ಮಹಾಲಿಂಗ, “ಬಸ್ಸಿನಾಗ ಮಂದಿ ನೋಡಿದ್ರ? ಮ್ಯಾಲೆ ಅರಿವಿ ಹಾಕಾಕೂ ಬರಂಗಿಲ್ಲಲ್ಲ” ಅಂದ. ತುಸು ಹೊತ್ತಿನ ಮೇಲೆ ಹಿತ್ತಿಲಲ್ಲಿ ಗರಗಸದ ಸಪ್ಪಳ ಕೇಳಿತು. ಅವನೇ ಚೌಕಟ್ಟಿನ ಮೂಲೆಗಳಿಗೆ ಕಟ್ಟಿಗೆಯ ತುಂಡು ಜೋಡಿಸಿ, ಬಣ್ಣಕ್ಕೆ ತಾಗದಂತೆ ಮೇಲೊಂದು ಹಲಗೆ ಹೊಡೆದ. ಹೊಡೆಯುವಾಗ ಚಿತ್ರದ ಕಡೆ ನೋಡಲಿಲ್ಲ. ಆದರೆ ಒಂದು ಮೊಳೆಯನ್ನೂ ಸೊಟ್ಟ ಹೊಡೆಯಲಿಲ್ಲ.

ಐತವಾರ ಲಗಮವ್ವನನ್ನು ಹೊಲಕ್ಕೆ ಕರೆದೊಯ್ದೆ. ಬಣ್ಣ ಹತ್ತಿದ ಮಗ್ಗಲು ಕೆಳಗೆ ಮಾಡಿ ಕಂಬಳಿಯನ್ನು ಅಕ್ಕನ ಮಣ್ಣಿನ ಮೇಲೆ ಹಾಸಿದಳು. ಗಾಳಿಗೆ ಹಾರದಂತೆ ನಾನು ಮೂಲೆಗಳಿಗೆ ಕಲ್ಲು ಇಟ್ಟೆ. ಬೀರಪ್ಪ ದೇವರ ಭಂಡಾರದ ಅರಿಶಿನ ಉಗ್ಗಿದೆವು. ಆಕೆ ಅತ್ತಳು. ನಾನು ಕಲ್ಲು ಸರಿಯಾಗಿ ಕೂತಿವೆಯೋ ಇಲ್ಲವೋ ಎಂದು ಮತ್ತೊಮ್ಮೆ ನೋಡಿದೆ.

ಸೋಮವಾರ ಇಬ್ಬರನ್ನೂ ಬಸ್ಸಿಗೆ ಹತ್ತಿಸಿದೆ. ಧಾರವಾಡದ ಬಸ್ಸು ಲೋಕಾಪುರದ ಮೇಲೇ ಹೋಗುತ್ತದೆ. ಲಗಮವ್ವ ಕಿಡಕಿಯ ಹತ್ತಿರ ಕೂತು ಹಲಗೆಯ ಪೆಟ್ಟಿಗೆಯನ್ನು ಮೊಣಕಾಲಿಗೆ ಆನಿಸಿಕೊಂಡಳು. ಪಕ್ಕದಲ್ಲಿ ಅಕ್ಷತಾ ಕೂತಳು. ಕಂಡಕ್ಟರ್ ಒಳಗ ಏನೈತಿ ಅಂದದ್ದಕ್ಕೆ ಲಗಮವ್ವ, “ನಮ್ಮಕ್ಕ ಅದಾಳಪ್ಪ, ಟಿಕೀಟ ಹರೀತಿ?” ಅಂದಳು. ಅವನು ನಕ್ಕು ಮುಂದೆ ಹೋದ. ಬಸ್ಸು ಹೊರಟಿತು. ನಾನು ಮನೆಗೆ ಬಂದು ಮಗ್ಗದ ಕುಣಿಗೆ ಇಳಿದೆ. ಲಗಮವ್ವ, ಅಕ್ಷತಾ, ಪೆಟ್ಟಿಗೆಯಲ್ಲಿ ಕರೆವ್ವ. ಮೂವರೂ ಹೋದ ಮೇಲೆ ತಟ್ಟಿಯಾಚೆ ಬಚ್ಚಲಲ್ಲಿ ನೀರಿನ ಸಪ್ಪಳ ಇರಲಿಲ್ಲ.