ಲೆಟಿಷಿಯಾ ಕತ್ತರಿಸಿದ ಸಾಲುಗಳು

"ಕತ್ತರಿ ಹಾಕೋಕೆ ಇದೇನು ನಿನ್ನ ಹಳೇ ಲಂಗಾನಾ? ನನ್ನ ಕಾಗದ ಕಣೆ ಇದು, ನನ್ನ ಕಾಗದ!"

ಡಾರ್ಕಸ್ ಹಾಳೆಯನ್ನು ಲೆಟಿಷಿಯಾಳ ಮೂಗಿಗೆ ಹಿಡಿದಳು. ನಡುವೆ ಎರಡು ಬೆರಳಗಲದ ಕಿಂಡಿ. ಕಿಂಡಿಯಾಚೆ ಲೆಟಿಷಿಯಾಳ ಗಲ್ಲ ಕಾಣುತ್ತಿತ್ತು.

"ಮೆಲ್ಲಗೆ, ಮಾರಾಯ್ತಿ. ಪಕ್ಕದ ಕೋಣೇಲಿ ಹೆಂಗಸರು ಚಹಾ ಕುಡೀತಿದ್ದಾರೆ."

"ಕುಡೀಲಿ. ಒಂಬತ್ತು ವರ್ಷದಿಂದ ಚಹಾಕ್ಕೆ ನನ್ನನ್ನೇ ನಂಚಿಕೊಂಡಿದ್ದಾರಲ್ಲ!"

ಕಾಗದ ಓದಿಸುವುದೇನೂ ಡಾರ್ಕಸ್‌ಗೆ ಹೊಸ ಸಂಗತಿಯಲ್ಲ. ಲಂಡನ್ನಿನ ಓದುಬರಹದ ಹೆಂಗಸರಲ್ಲಿ ಒಬ್ಬಳಿಗೆ ಬಂದ ಕಾಗದವನ್ನು ಹತ್ತು ಜನರೆದುರು ಓದುವುದು ಇದ್ದದ್ದೇ. ಒಂಬತ್ತು ವರ್ಷದ ಹಿಂದೆ ಸ್ಕಾರ್‌ಬರೋದ ಕಡಲ ದಂಡೆಯಲ್ಲಿ ಲೆಟಿಷಿಯಾಳ ಜೊತೆ ಒಂದು ತಿಂಗಳಿದ್ದು ಬೇರೆಯಾದ ಮೇಲೆ, ಲಿಂಕನ್‌ಶೈರಿನ ಜೌಗು ನೆಲದಲ್ಲಿ, ಪಾದ್ರಿ ತಮ್ಮನ ಮನೆಯಲ್ಲಿ ಕೂತು, ತನ್ನ ಕಾಗದವನ್ನೂ ಓದುತ್ತಾರೆಂದು ಹಿಗ್ಗಿದವಳೇ ಅವಳು. ಕೊನೆಗೂ ಕರೆ ಬಂದು ಇವತ್ತು ಇಲ್ಲಿ ಕಾಲಿಟ್ಟರೆ, ಮುದುಕಿಯೊಬ್ಬಳು ಕೈ ಹಿಡಿದು, "ಎಂಥ ತೃಪ್ತ ಜೀವ ಅಮ್ಮಾ ನಿಮ್ಮದು! ಅಷ್ಟು ಕಾಗದದಲ್ಲಿ ಒಂದ್ಸಲಾನೂ ಬೇಜಾರು ಅಂದವರಲ್ಲ" ಎಂದಳು. ಬೇಜಾರೆಂದು ಬರೆಯದ ಕಾಗದವೇ ಇರಲಿಲ್ಲ. ಡಾರ್ಕಸ್ ಸೀದಾ ಒಳಕೋಣೆಗೆ ಬಂದು ಮೇಜಿನ ಮೇಲಿದ್ದ ತನ್ನ ಕಾಗದಗಳ ಕಟ್ಟು ಬಿಚ್ಚಿದಳು. ಹಾಳೆ ಹಾಳೆಗೂ ಕಿಂಡಿ.

"ನಿನ್ನ ಮಾನ ಉಳಿಸೋಕೇ ಕತ್ತರಿಸಿದ್ದು," ಎಂದಳು ಲೆಟಿಷಿಯಾ. "ಬಾತುಕೋಳಿ, ನೆರೆ, ಪುಸ್ತಕದ ಮಾತು, ಇವನ್ನ ಓದಬಹುದು. 'ನೀನಿಲ್ಲದೆ ಊಟ ಸೇರಲ್ಲ' ಅನ್ನೋದನ್ನ ಯಾರೆದುರು ಓದ್ಲಿ?"

"ನೀನೊಬ್ಬಳೇ ಓದ್ಕೋಬೇಕಿತ್ತು. ಆ ಚೂರೆಲ್ಲ ಎಲ್ಲಿ?"

"ಬೆಂಕಿಗೆ ಹಾಕ್ದೆ."

ಡಾರ್ಕಸ್ ಕೈಯಲ್ಲಿದ್ದ ಹಾಳೆಯನ್ನು ತಿರುಗಿಸಿ ನೋಡಿದಳು. ಹಾಳೆಯ ಎರಡೂ ಮಗ್ಗುಲು ಇರುಕಿ ಬರೆಯುವವಳು ಅವಳು. ಈಚೆಯದನ್ನು ಕತ್ತರಿಸಿದರೆ ಆಚೆಯದೂ ಹೋಗುತ್ತದೆ. ಎರಡು ವರ್ಷದ ಹಿಂದೆ ತಮ್ಮನ ಮದುವೆಯಾದಾಗ, "ಅವನ ಹೆಂಡತಿಗೆ ನಾನು ಬೇಡವಾಗಿದ್ದೇನೆ, ನಿನ್ನ ಬಳಿ ಬಂದು ಇರಲೇ?" ಎಂದು ಬರೆದಿದ್ದಳು. ಮರುಕಾಗದದಲ್ಲಿ ಬಾತುಕೋಳಿಗಳ ವರ್ಣನೆಗೆ ಎರಡು ಪುಟ ಹೊಗಳಿಕೆಯಿತ್ತು, ಈ ಪ್ರಶ್ನೆಗೆ ಒಂದಕ್ಷರವಿರಲಿಲ್ಲ. ಅಂದಿನಿಂದ ಪ್ರತಿ ಅಂಚೆಗೂ ಬಾಗಿಲಲ್ಲಿ ನಿಂತಿದ್ದಳು. ಆ ಪ್ರಶ್ನೆ ಹಿಂದಿನ ಮಗ್ಗುಲಲ್ಲಿದ್ದು, ಲೆಟಿಷಿಯಾ ಓದುವ ಮೊದಲೇ ಕತ್ತರಿಗೆ ಸಿಕ್ಕಿತೇನೋ. ಸಿಟ್ಟೆಲ್ಲ ಇಳಿದು ಅದೊಂದೇ ಆಸೆ ಉಳಿಯಿತು.

"ಲೆಟ್ಟಿ, ಬಂದು ಇರ್ಲಾ ಅಂತ ಕೇಳಿದ್ದೆ. ನಿನ್ನ ಕಣ್ಣಿಗೆ ಬೀಳಲಿಲ್ಲ ಅಲ್ವಾ? ಬೀಳಲಿಲ್ಲ ಅಂದ್ಬಿಡೇ, ಸಾಕು."

ಲೆಟಿಷಿಯಾ ಕಟ್ಟಿನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಳು.

"ಬಿದ್ದಿತ್ತು. ಆ ಸಲ ಅದನ್ನೇ ಮೊದಲು ಕತ್ತರಿಸಿದ್ದು," ಎಂದಳು. "ಕಾಗದದಲ್ಲೇ ನೀನು ಎಷ್ಟು ಚೆನ್ನಾಗಿದ್ದೆ, ಡಾರ್ಕಸ್."

ಡಾರ್ಕಸ್ ಹಾಳೆಯನ್ನು ಮೇಜಿನ ಮೇಲಿಟ್ಟು, ಚಹಾ ಬಟ್ಟಲು ಹಿಡಿದೇ ಕಿವಿಗೊಟ್ಟಿದ್ದ ಹೆಂಗಸರ ನಡುವೆ ಹಾದು, ಬೀದಿಬಾಗಿಲು ತೆರೆದಳು. ಲೆಟಿಷಿಯಾ ಎರಡು ಸಲ ಹೆಸರು ಹಿಡಿದು ಕೂಗಿದಳು. ಆ ಮನೆಯ ಮೆಟ್ಟಿಲನ್ನು ಡಾರ್ಕಸ್ ಮತ್ತೆ ಹತ್ತಲಿಲ್ಲ.