ಕೊನೆಯ ಹಾಳೆಯ ಅಭಿಪ್ರಾಯ

ನಾಸಿಕದ ಬಳಿಯ ಓಝರ್‌ನ ವಿಮಾನ ಕಾರ್ಖಾನೆಯ ಕಾಲನಿಯಲ್ಲಿ ಕನ್ನಡ ಪುಸ್ತಕವೆಂದರೆ ರತ್ನಾಕರರ ತಗಡಿನ ಪೆಟ್ಟಿಗೆಯಲ್ಲಿದ್ದ ನಲವತ್ತೇ. ಓದಿದವರು ಕೊನೆಗೆ ಅಂಟಿಸಿದ ಹಾಳೆಯಲ್ಲಿ ಅಭಿಪ್ರಾಯ ಬರೆದು ರುಜು ಹಾಕಬೇಕು; ಬರೆದದ್ದನ್ನು ಹೊಡೆದುಹಾಕುವಂತಿಲ್ಲ. ಆಮೇಲೆ ಪುಸ್ತಕ ಔರಂಗಾಬಾದಿನ ಕನ್ನಡಿಗರ ಕೈಗೆ ಹೋಗಿ, ಓದಿಸಿಕೊಂಡು ಮರಳುತ್ತಿತ್ತು.

ಎಪ್ಪತ್ತರ ದೀಪಾವಳಿ ಕಳೆದ ಮೇಲೆ ಕಾಲನಿಯಲ್ಲಿದ್ದ ಬೀದರಿನ ಕಸ್ತೂರಿಬಾಯಿಗೆ ಸಿಕ್ಕ ಕಾದಂಬರಿ, ಊರು ಹೊರಗಿಟ್ಟ ಇಬ್ಬರು ಗೆಳತಿಯರದು. ಒಬ್ಬಳಿಗೆ ತೊನ್ನು, ಇನ್ನೊಬ್ಬಳು ಜೈಲಿಂದ ಬಂದವಳು. ಪಾಳುಬಿದ್ದ ಸುಂಕದ ಕಟ್ಟೆಯಲ್ಲಿ ಒಂದೇ ಒಲೆ ಹೂಡಿ, ಊರನ್ನೇ ಆಡಿಕೊಂಡು ನಗುತ್ತಾರೆ. ಕಸ್ತೂರಿಯೂ ಓದುತ್ತ ರೊಟ್ಟಿ ಸೀಯಿಸಿಕೊಂಡು ನಕ್ಕಳು. ಕೊನೆಯಲ್ಲಿ ಒಬ್ಬಳು ಊರು ಬಿಡುತ್ತಾಳೆ, ಇನ್ನೊಬ್ಬಳು ತಡೆಯುವುದೂ ಇಲ್ಲ. ಕಸ್ತೂರಿಗೆ ಮೈಯೆಲ್ಲ ಉರಿಯಿತು. ಅಳುತ್ತಲೇ ಬರೆದಳು: 'ಮುಕ್ಕಾಲು ಪುಸ್ತಕ ಬಂಗಾರ. ಕೊನೆ ಮಾತ್ರ ಶುದ್ಧ ಸುಳ್ಳು. ಅಷ್ಟು ಪ್ರೀತಿಯ ಗೆಳತಿ ಓಡಿಹೋಗಿ ಕೈ ಹಿಡಿಯದೆ ಇರುತ್ತಾಳೆಯೇ?'

ಬರೆದ ಮೇಲೆ ನೆನಪಾಯಿತು. ಔರಂಗಾಬಾದಿನಲ್ಲಿ ಇದನ್ನು ಸುಗುಣಾ ಓದುತ್ತಾಳೆ.

ಗಂಡನನ್ನು ಬಿಟ್ಟು ಅಣ್ಣನ ಕ್ವಾರ್ಟರ್ಸಿಗೆ ಬಂದಿದ್ದ ಸುಗುಣಾಳನ್ನು ಕಾಲನಿಯ ಕನ್ನಡ ಹೆಂಗಸರು ಅರಿಶಿನ-ಕುಂಕುಮಕ್ಕೂ ಕರೆಯುತ್ತಿರಲಿಲ್ಲ. ಮಹಾ ಪತಿವ್ರತೆಯರು! ಕಸ್ತೂರಿ ಮಾತ್ರ ಹೋಗಿ ಅವಳ ಜೊತೆ ಚಹಾ ಕುಡಿಯುತ್ತಿದ್ದಳು. ಅದೂ ಹಿತ್ತಿಲ ಬಾಗಿಲಿಂದ, ಯಾರಿಗೂ ಕಾಣದ ಹಾಗೆ. ಔರಂಗಾಬಾದಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿ ಸುಗುಣಾ ಟ್ರಂಕು ಹಿಡಿದು ಕಸ್ತೂರಿಯ ಮನೆ ಎದುರಿನ ಬಸ್ ಸ್ಟಾಪಿನಲ್ಲಿ ನಿಂತ ದಿನ, ಆ ಹೆಂಗಸರೆಲ್ಲ ಮನೆ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಕಸ್ತೂರಿ ಹೊರಗೆ ಬರಲಿಲ್ಲ. ಎರಡು ವರ್ಷವಾಯಿತು, ಕಾಗದ ಬರೆಯಲೂ ಮುಖವಿಲ್ಲ. ಮರಳಿ ಬಂದ ಪುಸ್ತಕಗಳಲ್ಲಿ ಸುಗುಣಾಳ ರುಜು ಹುಡುಕಿ ಅದರ ಮೇಲೆ ಬೆರಳಾಡಿಸುವಳು.

ಬಾಗಿಲಲ್ಲಿ ರತ್ನಾಕರರು. "ಆಯ್ತೇನ್ರಿ ವೈನಿ? ಪೆಟ್ಟಿಗಿ ಇವತ್ತ ಹೋಗ್ತದ."

"ತಡೀರಿ, ಇನ್ನೊಂದು ಮಾತು ಉಳದದ."

ಪುಸ್ತಕ ಮರಳಿದ ಮೇಲೆ ಮೆಟ್ಟಿಲ ಹೆಂಗಸರೂ ಈ ಹಾಳೆ ಓದುವವರೇ. ಓದಲಿ, ಎಂದುಕೊಂಡು ಬರೆದಳು: 'ಸುಳ್ಳಲ್ಲ. ಸುಗುಣಾ ಹೋದ ದಿನ ನಾನು ಕಿಟಕಿಯ ಪರದೆ ಹಿಂದೆ ನಿಂತಿದ್ದೆ.' ಕೆಳಗೆ ಪೂರ್ತಿ ಹೆಸರು ಬರೆದಳು.

ಯುಗಾದಿಯ ಹೊತ್ತಿಗೆ ಪುಸ್ತಕ ಬಂತು. ಕಸ್ತೂರಿ ನಿಂತಲ್ಲೇ ಕೊನೆಯ ಹಾಳೆ ತೆರೆದಳು. ತನ್ನ ಹೆಸರಿನ ಕೆಳಗೇ ಸುಗುಣಾಳ ದುಂಡು ಅಕ್ಷರ:

'ಪರದೆ ಅಲುಗಿದ್ದು ಕಂಡಿತ್ತು. ಅದಕ್ಕೇ ಎರಡು ಬಸ್ಸು ಬಿಟ್ಟೆ.'