ಅತ್ತೆಯ ಕಲ್ಲಿನ ಮುಳ್ಳು

ಕಪ್ಪಿತೆ ಒಡೆದ ಕಲ್ಲನ್ನು ಅವಳ ಅತ್ತೆ ಅರ್ಬಾಲೆ ಹೆಬ್ಬೆರಳಿನಿಂದಲೇ ನೋಡುತ್ತಿದ್ದಳು. ಅಂಚಿನ ಉದ್ದಕ್ಕೂ ಬೆರಳು ಸವರಿಕೊಂಡು ಹೋಗುತ್ತಿತ್ತು, ಒಂದು ಕಡೆ ನಿಲ್ಲುತ್ತಿತ್ತು. ಆಮೇಲೆ ಮುಖ ಹುಳ್ಳಗೆ ಮಾಡಿ, "ಮುಳ್ಳು," ಎಂದು ಕಲ್ಲನ್ನು ಮರದ ಬೋಗುಣಿಗೆ ಎಸೆದುಬಿಡುತ್ತಿದ್ದಳು. ಆ ಬೋಗುಣಿಯ ತುಂಬ ಚಕ್ಕೆ, ಚೂರು, ಮತ್ತು ಕಪ್ಪಿತೆ ಮದುವೆಯಾಗಿ ಬಂದಾಗಿನಿಂದ ನುಂಗಿದ ಅವಮಾನ.

ಕೊನ್ಸೊ ಬೆಟ್ಟದ ಈ ಊರಿನಲ್ಲಿ ಅವರ ಕುಲದ ಗಂಡಸರು ಮಗ್ಗದ ಮುಂದೆ ಕೂತು ನೂಲಿನ ಜೊತೆ ಜಗಳವಾಡುತ್ತಾರೆ. ಹೊಳೆಗಿಳಿದು ಚಕಮಕಿ ಕಲ್ಲು ಹೊತ್ತು ತಂದು, ಕಬ್ಬಿಣದ ತುಂಡಿನಿಂದ ಬಡಿದು ಚಕ್ಕೆ ಎಬ್ಬಿಸಿ, ಅಂಚು ತಿದ್ದಿ, ಮರದ ಹಿಡಿಗೆ ಅಂಟಿನಿಂದ ಕೂರಿಸಿ ತೊಗಲು ಹೆರೆಯುವವರು ಹೆಂಗಸರು. ಕಲ್ಲಿಗೂ ಒಂದು ಚಾಳಿಯಿದೆ. ಪೆಟ್ಟು ಕೂದಲೆಳೆಯಷ್ಟು ಆಚೀಚೆ ಬಿದ್ದರೂ ಅಂಚಿನಲ್ಲಿ ಸಣ್ಣ ಮೊನೆ ಉಳಿದುಬಿಡುತ್ತದೆ. ಅದೇ ಮುಳ್ಳು. ಅದು ತಾಗಿದರೆ ತೊಗಲಿನ ಕತೆ ಮುಗಿಯಿತು.

"ಕೈಯಲ್ಲಿ ಬಲ ಸಾಲ್ದು ಅಂತಲ್ಲ ಕಣೇ, ಜಾಸ್ತಿ ಆಗಿದೆ," ಎನ್ನುತ್ತಿದ್ದಳು ಅರ್ಬಾಲೆ. "ಗಂಡನ ಮೇಲಿನ ಸಿಟ್ಟನ್ನ ಕಲ್ಲಿನ ಮೇಲೆ ತೀರಿಸ್ಕೊಳ್ತೀಯ. ಅವನ ಮೇಲೇ ತೀರಿಸ್ಕೋ ಹೋಗು, ನಾನೇನು ಬೇಡ ಅಂದ್ನಾ?"

"ನಿಮ್ಮ ಮಗ ಅಲ್ವಾ ಅತ್ತೆ? ಕಲ್ಲಿಗಿಂತ ಗಟ್ಟಿ. ಎಷ್ಟು ಬಡಿದ್ರೂ ಒಂದು ಚಕ್ಕೆ ಏಳಲ್ಲ."

ಒಳಗೆ ಗಂಡನ ಮಗ್ಗದ ಸದ್ದು ಇನ್ನಷ್ಟು ಜೋರಾಗುತ್ತಿತ್ತು.

ಹೀಗಿರುವಾಗ ರೈತರ ಪೈಕಿಯ ಕತಾನೊ ಒಂದು ಹಸಿ ತೊಗಲು ತಂದ. ಅವನ ತಂದೆ ತೀರಿಕೊಂಡಾಗ ಕಡಿದ ಎತ್ತಿನದು. ಆ ಎತ್ತನ್ನು ಮುದುಕ ಕರುವಿನಿಂದ ಸಾಕಿದ್ದನೆಂದು ಊರಿಗೆಲ್ಲ ಗೊತ್ತು. ಕತಾನೊ ಎಂದಿನಂತೆ ಹೊರಗಿನ ಕಲ್ಲಿನ ಮೇಲೇ ಕೂತ. ಚಾಕಾ ಎಂಬ ಜೋಳದ ಹೆಂಡ ಕುಡಿಯಲು ತನ್ನದೇ ಸೋರೆಬುರುಡೆ ತಂದಿದ್ದ. ರೈತರು ಇವರ ಮನೆಯ ಪಾತ್ರೆ ಮುಟ್ಟುವುದಿಲ್ಲ, ಇವರು ಹದ ಮಾಡಿದ ತೊಗಲಿನ ಮೇಲೆ ಮಾತ್ರ ಆರಾಮಾಗಿ ಮಲಗುತ್ತಾರೆ. ಆ ಮಾತು ಬೇಡ, ಬಿಡಿ.

"ನನ್ನ ಹೆಂಡ್ತಿ ಬಸುರಿ," ಎಂದ ಕತಾನೊ. "ಹೆರಿಗೆ ಆದ್ಮೇಲೆ ಕೂಸನ್ನ ಇದರ ಮೇಲೇ ಮಲಗಿಸ್ಬೇಕು. ಅಪ್ಪ ಅಂತೂ ನೋಡ್ಲಿಲ್ಲ. ಅವನ ಎತ್ತಾದ್ರೂ ಕೂಸಿನ ಮೈ ಮುಟ್ಲಿ."

ಅವನು ಹೋದ ಮೇಲೆ ಅರ್ಬಾಲೆ ಸೊಸೆಯನ್ನು ಕರೆದಳು. "ಈ ತೊಗಲಿಗೆ ನೀನೂ ಕೈ ಹಾಕು. ಚೆನ್ನಾಗಿ ಬಂದ್ರೆ ಕತಾನೊನ ಎದುರಿಗೇ ಹೇಳ್ತೀನಿ, ಇವಳ ಕೈ ಕೂತಿದೆ, ಇನ್ಮೇಲೆ ತೊಗಲನ್ನ ಇವಳಿಗೇ ಕೊಡಿ ಅಂತ."

ಕಪ್ಪಿತೆ ಆ ದಿನ ಜೋಳದ ಉಂಡೆಯನ್ನೂ ನುಗ್ಗೆಸೊಪ್ಪನ್ನೂ ಸರಿಯಾಗಿ ತಿನ್ನಲಿಲ್ಲ. ಅತ್ತೆ ಬಾಯಿಬಿಟ್ಟು ಹೇಳಿದರೆ ಅವಳು ಕೆಲಸಗಾರ್ತಿ. ಹೇಳದಿದ್ದರೆ ಜೀವಮಾನವೆಲ್ಲ ಅರ್ಬಾಲೆಯ ಸೊಸೆ, ಬೋಗುಣಿ ತೊಳೆಯುವವಳು.

ತೊಗಲನ್ನು ಚೌಕಟ್ಟಿಗೆ ಬಿಗಿದರು. ಒಬ್ಬರು ಹೆರೆದು ದಣಿದಾಗ ಇನ್ನೊಬ್ಬರು ನಿಲ್ಲುತ್ತಿದ್ದರು. ಕಲ್ಲು ಮೊಂಡಾದಾಗ ಹಿಡಿಯಲ್ಲಿದ್ದ ಹಾಗೇ ನಾಲ್ಕು ಪೆಟ್ಟು ಕೊಟ್ಟು ಹೊಸ ಅಂಚು ತೆಗೆಯಬೇಕು. ಒಂದು ಮಧ್ಯಾಹ್ನ ಅರ್ಬಾಲೆ ಅಂಚು ತೆಗೆದಳು. ಆದರೆ ಹೆರೆಯಲು ನಿಲ್ಲಲಾಗಲಿಲ್ಲ. "ಕಣ್ಣು ಉರಿ ಕಣೇ, ನೀನೇ ಎಳಿ," ಎಂದು ಹಿಡಿಯನ್ನು ಸೊಸೆಯ ಕೈಗಿಟ್ಟು ಒಳಗೆ ಹೋಗಿ ಮಲಗಿದಳು.

ಕಪ್ಪಿತೆ ಅಂಚಿನ ಮೇಲೆ ಬೆರಳಾಡಿಸಲಿಲ್ಲ. ಕಲಿಸಿದವಳ ಕಲ್ಲನ್ನು ಕಲಿಯುವವಳು ಸವರಿ ನೋಡುವುದುಂಟೇ? ಅತ್ತೆಗೆ ಎದುರು ನಿಂತು, ನಿಮ್ಮ ಅಡುಗೆಯಲ್ಲಿ ಉಪ್ಪಿದೆಯಾ ಎಂದು ಕೇಳಿದ ಹಾಗೆ. ಅವಳು ಮೈಭಾರ ಬಿಟ್ಟು ಮೇಲಿನಿಂದ ಕೆಳಕ್ಕೆ ಎಳೆದಳು. ತೊಗಲು ಪರ್ರೆಂದು ಹರಿಯಿತು.

ಬೆರಳುದ್ದದ ಸೀಳು. ಅದರೊಳಗಿಂದ ಬಿಸಿಲು ಬಂದು ಅವಳ ಕಾಲ ಮೇಲೆ ಬಿತ್ತು.

ಆಗ ಅಂಚನ್ನು ಸವರಿದಳು. ಎಡಮೂಲೆಯಲ್ಲಿ ಮುಳ್ಳು. ತನ್ನ ಮುಳ್ಳುಗಳನ್ನು ಅವಳು ಚೆನ್ನಾಗಿ ಬಲ್ಲಳು, ಅಷ್ಟು ಸಲ ಬೈಸಿಕೊಂಡಿದ್ದಾಳೆ. ಅವು ಯಾವಾಗಲೂ ನಡುಮಧ್ಯೆ ಬರುತ್ತಿದ್ದವು, ಜೋರು ಪೆಟ್ಟಿನವು. ಇದು ಬಲವಿಲ್ಲದ ಪೆಟ್ಟು, ನಡುಗುವ ಕೈಯದು. ಅತ್ತೆ ಕೆಲವು ದಿನಗಳಿಂದ ನೀರಿನ ಗಡಿಗೆಯನ್ನು ತಡವಿ ಹುಡುಕುತ್ತಿದ್ದದ್ದು ಈಗ ನೆನಪಾಯಿತು. ಹರಿದ ತೊಗಲಿಗಿಂತ ಅದೇ ಕಪ್ಪಿತೆಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಸದ್ದು ಕೇಳಿ ಅರ್ಬಾಲೆ ಹೊರಬಂದಳು. "ಏನಾಯ್ತು? ಕಲ್ಲು ಕೊಡಿಲ್ಲಿ."

"ಅಂಚು ಮೊಂಡ ಅನ್ನಿಸ್ತು ಅತ್ತೆ. ನಾನೇ ಇನ್ನೊಂದು ಪೆಟ್ಟು ಹಾಕ್ದೆ. ಮುಳ್ಳು ಉಳೀತು." ಹಾಗೆನ್ನುತ್ತಲೇ ಅವಳು ಕಬ್ಬಿಣದಿಂದ ಮೂಲೆಯನ್ನು ಒಂದೇ ಏಟಿಗೆ ಹಾರಿಸಿಬಿಟ್ಟಳು. ಮುಳ್ಳು ಬೋಗುಣಿಯ ಚೂರುಗಳೊಳಗೆ ಸೇರಿಹೋಯಿತು.

ಅರ್ಬಾಲೆ ಸೀಳಿನ ಉದ್ದಕ್ಕೂ ಬೆರಳಾಡಿಸಿದಳು. ಅವಳು ಬೈಯುತ್ತಾಳೆಂದು ಕಪ್ಪಿತೆ ಕಾದಳು. ಬೈಗುಳ ಬರಲಿಲ್ಲ.

ಬೈಗುಳ ಬಂದದ್ದು ಕತಾನೊನಿಂದ. ಸುದ್ದಿ ಮುಟ್ಟಿದ್ದೇ ತಡ ಬಂದು ಸೀಳಿನ ಮುಂದೆ ನಿಂತ. "ನಿನ್ನ ಹೆಸರು ನಂಬಿ ತಂದ್ಕೊಟ್ಟೆ, ಅರ್ಬಾಲವ್ವ. ಕಲಿಯೋಕೆ ಬೇರೆ ತೊಗಲು ಸಿಗ್ಲಿಲ್ವಾ ಇವಳಿಗೆ? ಮುಗಿಸೋದಾದ್ರೆ ನೀನು ಮುಗಿಸು. ಇವಳ ಕೈ ಇದಕ್ಕೆ ತಾಗ್ಕೂಡ್ದು."

ಅರ್ಬಾಲೆ ತಲೆ ತಗ್ಗಿಸಿ, "ಆಗ್ಲಿ," ಎಂದಳು. ಅಷ್ಟೇ. ಕಪ್ಪಿತೆಗೆ ಆ ಒಂದು ಮಾತು ಎದೆಗೆ ನಾಟಿತು. ಹೊಳೆಯ ದಾರಿಯಲ್ಲಿ ಹೆಂಗಸರು ಅವಳನ್ನು ಕಂಡು ಮಾತು ನಿಲ್ಲಿಸತೊಡಗಿದರು. ತಾನೇ ಹೊತ್ತುಕೊಂಡ ತಪ್ಪು, ಹೌದು. ಆದರೂ ರಾತ್ರಿ ಒಲೆಯ ಬೂದಿ ಕೆದಕುತ್ತ ಕೂತಾಗ ಅವಳಿಗೆ ಅಳು ಬರುತ್ತಿತ್ತು, ಅತ್ತೆಯ ಮೇಲೆ ಸಿಟ್ಟೂ ಬರುತ್ತಿತ್ತು.

ಸಿಟ್ಟು ಬಂದರೂ ಕೈ ಸುಮ್ಮನಿರಲಿಲ್ಲ. ಮಾರನೆಯ ದಿನದ ಕೆಲಸಕ್ಕೆಂದು ಅರ್ಬಾಲೆ ಸಂಜೆಯೇ ಕಲ್ಲುಗಳನ್ನು ತಿದ್ದಿಡುತ್ತಿದ್ದಳು. ಬೆಳಗಾಗುತ್ತಿದ್ದಂತೆ ಕಪ್ಪಿತೆ ಅವುಗಳ ಮುಂದೆ ಕೂತು, ಒಂದೊಂದನ್ನೇ ಸವರಿ, ಮುಳ್ಳು ಸಿಕ್ಕ ಕಡೆ ಹಗುರವಾಗಿ ಬಡಿದು ತೆಗೆಯುತ್ತಿದ್ದಳು. ಜೋರಾಗಿ ಬಡಿದರೆ ಅತ್ತೆಗೆ ಎಚ್ಚರವಾದೀತು ಎಂಬ ಹೆದರಿಕೆ. ಆ ಹೆದರಿಕೆಯಲ್ಲೇ ಅವಳ ಕೈಯ ಬಿಗಿ ಕರಗಿತು. ಇಷ್ಟು ವರ್ಷ ಅತ್ತೆ ಬಾಯಿ ಬಡಿದುಕೊಂಡರೂ ಬರದಿದ್ದ ಪೆಟ್ಟು ಬಂದೇಬಿಟ್ಟಿತು. ಅದನ್ನು ಯಾರಿಗೆ ತೋರಿಸುವುದು?

ತೊಗಲು ಸಿದ್ಧವಾಯಿತು. ಸೀಳಿದ್ದ ಕಡೆ ಒಂದು ಸಣ್ಣ ಹೊಲಿಗೆ ಬಿಟ್ಟರೆ ಎಲ್ಲೂ ಗೀರಿಲ್ಲ, ಬಟ್ಟೆಯಷ್ಟು ಮೆತ್ತಗಿತ್ತು. ಕತಾನೊ ಬಂದು ಅದನ್ನು ಕೆನ್ನೆಗೊತ್ತಿಕೊಂಡ. "ಕೈ ಅಂದ್ರೆ ಇದು," ಎಂದ. "ಅರ್ಬಾಲವ್ವ ಅಂದ್ರೆ ಅರ್ಬಾಲವ್ವಾನೇ."

ಕಪ್ಪಿತೆ ಬೋಗುಣಿ ಎತ್ತಿಕೊಂಡು ಒಳಗೆ ಹೊರಟಳು.

"ನಿಲ್ಲೇ," ಎಂದಳು ಅರ್ಬಾಲೆ. ದನಿ ಒಡೆದಿತ್ತು. "ಕತಾನೊ, ಕೇಳಪ್ಪ. ಹರಿದದ್ದು ನನ್ನ ಕಲ್ಲಿಂದ."

"ಅತ್ತೆ, ಬೇಡ..."

"ಬಾಯ್ಮುಚ್ಚು. ಇನ್ನೊಂದು ಪೆಟ್ಟು ಹಾಕ್ದೆ ಅಂದ್ಲು ಆವತ್ತು. ನಾನು ಒಳಗೆ ಎಚ್ಚರವಾಗೇ ಮಲಗಿದ್ದೆ. ಕಣ್ಣು ಹೋಗಿದೆ ಕಣಪ್ಪ, ಕಿವಿ ಹೋಗಿಲ್ಲ. ತೊಗಲು ಹರಿಯೋಕೆ ಮೊದ್ಲು ಪೆಟ್ಟಿನ ಸದ್ದೇ ಬರ್ಲಿಲ್ಲ. ಸುಳ್ಳು ಅಂತ ಆವತ್ತೇ ಗೊತ್ತಾಯ್ತು. ಗೊತ್ತಾದ್ರೂ ನೀನು ಇವಳಿಗೆ ಬೈವಾಗ ನನ್ನ ನಾಲಿಗೆ ಏಳ್ಲಿಲ್ಲ. ಇಷ್ಟು ವರ್ಷದ ಹೆಸರು ನೋಡು, ಬಿಡೋಕೆ ಮನಸ್ಸು ಬರ್ಲಿಲ್ಲ." ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ದಿನಾ ಬೆಳಿಗ್ಗೆ ನನ್ನ ಕಲ್ಲಿನ ಮೇಲೆ ಇವಳ ಪೆಟ್ಟು ಬೀಳೋದು ಕೇಳ್ತಾ ಮಲಗಿರ್ತಿದ್ದೆ. ನೀನು ಹೊಗಳಿದ ಕೈ ಇವಳದ್ದು."

ಕತಾನೊ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಹೊಲಿಗೆಯನ್ನು ಬೆರಳಿನಿಂದ ಒತ್ತಿ ನೋಡಿ, "ಹೊಲಿಗೆ ಹೊಲಿಗೆನೇ, ಯಾರಿಂದ ಆದ್ರೇನು," ಎಂದು ತೊಗಲು ಸುತ್ತಿಕೊಂಡ. ಹೋಗುವಾಗ ಮಾತ್ರ ಕಪ್ಪಿತೆಯ ಕಡೆ ತಿರುಗಿದ. "ಮನೇಲಿ ಇನ್ನೊಂದು ಆಡಿನ ತೊಗಲಿದೆ. ನಾಳೆ ತರ್ತೀನಿ. ನಿನ್ನ ಕೈಗೇ ಕೊಡ್ತೀನಿ."

ಅವನು ಕಣ್ಮರೆಯಾದ ಮೇಲೆ ಅರ್ಬಾಲೆ ತಡವಿ ತಡವಿ ಕಬ್ಬಿಣದ ತುಂಡು ಹುಡುಕಿಕೊಂಡಳು. ಒಂದು ಚಕ್ಕೆಯನ್ನು ಆರಿಸಿ, ತಲೆಯನ್ನು ವಾಲಿಸಿ ಸದ್ದನ್ನು ಆಲಿಸುತ್ತ ಅಂಚು ತಿದ್ದಿದಳು. ಮುಗಿದ ಕಲ್ಲನ್ನು ಸೊಸೆಯ ಕಡೆ ಚಾಚಿದಳು.

"ಸವರಿ ನೋಡು."

"ನಾನು ಹೇಗೆ ಅತ್ತೆ..."

"ನೋಡು ಅಂದೆ."

ಕಪ್ಪಿತೆ ಹೆಬ್ಬೆರಳನ್ನು ಅಂಚಿನ ಮೇಲೆ ಇಟ್ಟಳು. ಬೆರಳು ಮೆಲ್ಲಗೆ ಸಾಗಿ ಎಡಮೂಲೆಯಲ್ಲಿ ನಿಂತಿತು. ಅತ್ತೆಯ ಮಂಜುಗಣ್ಣು ಅವಳ ಮುಖವನ್ನೇ ಹುಡುಕುತ್ತಿತ್ತು. ಸುಳ್ಳು ಹೇಳುವುದು ಆವತ್ತು ಎಷ್ಟು ಸುಲಭವಾಗಿತ್ತು.

"ಮುಳ್ಳಿದೆ ಅತ್ತೆ," ಎಂದಳು.

ಅರ್ಬಾಲೆ ಬೋಗುಣಿಯನ್ನು ಅವಳ ಕಡೆ ತಳ್ಳಿದಳು. "ಹಾಗಿದ್ರೆ ಎಸಿ."